ಯಾರ ಹಾಲು, ಯಾರ ಕರುಳು?

ಪ್ರಿಯ ಬರಹಗಾರರೆ,

ಶಹಾಪುರದಿಂದ ನೀವು ಕಳುಹಿಸಿದ ‘ಹಾಲೆಂಬ ಅಮೃತ’ ಲೇಖನ ನಮ್ಮ ಕಲಬುರಗಿಯ ಕಚೇರಿಗೆ ತಲುಪಿ ಎಂಟು ದಿನವಾಯಿತು. ಹಾಲಿನಲ್ಲಿರುವ ವಸ್ತುಗಳಿಗೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ಇರುವ ನಂಟನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ. ಭಾಷೆ ಶುದ್ಧವಾಗಿದೆ, ಶ್ರಮವೂ ಕಾಣುತ್ತದೆ. ಆದರೆ ನಾನು ಮೂರು ಸಲ ಓದಿದೆ, ಮೂರು ಸಲವೂ ಎರಡು ವಾಕ್ಯಗಳ ಬಳಿ ನಿಂತುಬಿಟ್ಟೆ. ಈ ಪತ್ರ ಅವೆರಡರ ಬಗ್ಗೆ ಮಾತ್ರ.

ಮೊದಲನೆಯದು ಮೂರನೆಯ ಪುಟದಲ್ಲಿದೆ: “ಹಾಲಿನಲ್ಲಿರುವ ಆಲಿಗೋಸ್ಯಾಕರೈಡ್‌ಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತವೆ, ಆದ್ದರಿಂದ ಎಳೆಯ ಮಕ್ಕಳಿಗೆ ದಿನವೂ ಹಾಲು ಕುಡಿಸಿರಿ.” ಇಲ್ಲಿ ‘ಹಾಲು’ ಎಂಬ ಪದ ಎರಡು ಸಲ ಬಂದಿದೆ, ಎರಡೂ ಬೇರೆ ಬೇರೆ ಹಾಲು. ನೀವು ಹೇಳುವ ಆಲಿಗೋಸ್ಯಾಕರೈಡ್‌ಗಳು, ಅಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿಗೆ ಬೇರೆ ಸಕ್ಕರೆಗಳು ಸೇರಿ ಆದ ಕಿರುಸರಗಳು, ತಾಯಿಯ ಹಾಲಿನಲ್ಲಿ ಲೀಟರಿಗೆ ಸುಮಾರು 5ರಿಂದ 15 ಗ್ರಾಂ ಇರುತ್ತವೆ. ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಅದರ ಘನಾಂಶದಲ್ಲಿ ಹೆಚ್ಚಿನ ಪಾಲು ಇವುಗಳದೇ, 150ಕ್ಕೂ ಹೆಚ್ಚು ಬಗೆಗಳೂ ಇವೆ. ಕೂಸಿಗೆ ಇವನ್ನು ಜೀರ್ಣಿಸಿಕೊಳ್ಳುವ ಕಿಣ್ವವೇ ಇಲ್ಲ. ಅವು ಅರಗದೆ ದೊಡ್ಡ ಕರುಳನ್ನು ಮುಟ್ಟುತ್ತವೆ. ಅಲ್ಲಿ ಬೈಫಿಡೋಬ್ಯಾಕ್ಟೀರಿಯಂ ಇನ್ಫ್ಯಾಂಟಿಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಅವನ್ನು ಉಂಡು ಅಸಿಟಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ಹೊರಬಿಡುತ್ತದೆ, ಆ ಹುಳಿಯಲ್ಲಿ ರೋಗಕಾರಕಗಳು ಹೆಚ್ಚಲು ಕಷ್ಟಪಡುತ್ತವೆ. ಇನ್ನೊಂದು ಕೆಲಸವೂ ಉಂಟು: ಕರುಳಿನ ಗೋಡೆಯ ಮೇಲಿನ ಸಕ್ಕರೆಗಳನ್ನೇ ಹೋಲುವ ಕೆಲವು ಸರಗಳಿಗೆ ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣು ಮೋಸಹೋಗಿ ಅಂಟಿಕೊಂಡು, ಗೋಡೆಯನ್ನು ಹಿಡಿಯದೆ ಮಲದೊಡನೆ ಹೊರಗೆ ಹೋಗುತ್ತದೆ. ತಾಯಿ ಹಾಲೂಡಿಸುವಾಗ ತನ್ನ ಕೂಸಿಗೆ ಮಾತ್ರವಲ್ಲ, ಕೂಸಿನೊಳಗಿನ ಈ ಜೀವಿಗಳಿಗೂ ಊಟ ಕಳುಹಿಸುತ್ತಾಳೆ ಎಂಬ ಇಷ್ಟು ದೊಡ್ಡ ವಿಷಯ ಕೈಯಲ್ಲಿದ್ದೂ ನೀವು ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿರುವುದು ನನಗೆ ನೋವು ತಂದಿದೆ.

ಆಕಳ ಹಾಲಿನಲ್ಲಿ ಈ ಸಕ್ಕರೆಗಳು ಲೀಟರಿಗೆ ಒಂದು ಗ್ರಾಂ ಕೂಡ ಆಗುವುದಿಲ್ಲ. ಗಿಣ್ಣದಲ್ಲಿ ಕೊಂಚ ಹೆಚ್ಚಿದ್ದು, ಕೆಲವೇ ದಿನಗಳಲ್ಲಿ ಇಳಿದುಹೋಗುತ್ತವೆ. ನಿಮ್ಮ ವಾಕ್ಯವನ್ನು ಓದಿದ ನಮ್ಮ ಕಡೆಯ ಬಾಣಂತಿಯೊಬ್ಬಳು, ಅಥವಾ ಅವಳ ಅತ್ತೆ, ಮೂರು ತಿಂಗಳ ಕೂಸಿಗೆ ಆಕಳ ಹಾಲು ಕುಡಿಸಲು ಮೊದಲುಮಾಡಿದರೆ, ಕೆಲವು ಕೂಸುಗಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರಿ ಕಬ್ಬಿಣದ ಕೊರತೆಯಾಗುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ, ಕರುಳಿನ ಆರೋಗ್ಯಕ್ಕೆಂದೇ ಬರೆದ ಲೇಖನ ಕರುಳಿಗೇ ಪೆಟ್ಟು ಕೊಡಬಾರದು.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. 1986ರಲ್ಲಿ ನಾನು ಬೀದರಿನ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. “ಹಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಕೊಬ್ಬಿರುತ್ತದೆ” ಎಂದು ಬರೆದುಕೊಟ್ಟೆ. ಹಿರಿಯ ಸಂಪಾದಕರು ಅದನ್ನು ತಿದ್ದಲಿಲ್ಲ. ಗವಾನ್ ಚೌಕದಲ್ಲಿ ಹಾಲು ಮಾರುವ ಹೆಣ್ಣುಮಗಳಿಗೆ ಓದಿ ತೋರಿಸಿ ಬಾ ಎಂದರು. ಆಕೆ ಕೇಳಿಸಿಕೊಂಡು, “ಯಾವ ಹಾಲಿನ ಮಾತು ಹೇಳ್ಲತ್ತೀರಿ ಅಣ್ಣಾ, ಆಕಳದ್ದೋ ಎಮ್ಮಿದೋ?” ಎಂದಳು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಸುಮಾರು ನೂರಕ್ಕೆ ಏಳರಷ್ಟು ಎಂಬುದನ್ನು ನಾನು ತಿಳಿದದ್ದು ಅದರ ಮರುದಿನ. ಅಕ್ಷರ ಬಾರದ ಆಕೆ ಕೇಳಿದ ಪ್ರಶ್ನೆಯನ್ನು ನನ್ನ ವಾಕ್ಯವೇ ಮೊದಲು ಕೇಳಿಕೊಳ್ಳಬೇಕಿತ್ತು. ಅಂದಿನಿಂದ ‘ಹಾಲು’ ಎಂದು ಬರೆದಾಗಲೆಲ್ಲ ಕೈ ಒಂದು ಗಳಿಗೆ ತಡೆಯುತ್ತದೆ.

ಎರಡನೆಯದು ಐದನೆಯ ಪುಟದ್ದು: “ಹಾಲಿನ ಕೊಬ್ಬು ಕರುಳಿನ ಉರಿಯೂತ ತರುತ್ತದೆಂದು 2012ರಲ್ಲಿ ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ.” ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇಲಿಗಳ ಮೇಲೆ ನಡೆದದ್ದು. ಅದರಲ್ಲಿ ಕರುಳುಬೇನೆಗೆ ಒಳಗಾದದ್ದು ಉರಿಯೂತವನ್ನು ಹತೋಟಿಯಲ್ಲಿಡುವ ಇಂಟರ್‌ಲ್ಯೂಕಿನ್-10 ಎಂಬ ವಸ್ತುವನ್ನು ತಯಾರಿಸಲಾರದಂತೆ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳು. ಹಾಲಿನ ಕೊಬ್ಬನ್ನು ತಿನ್ನಿಸಿದಾಗ ಅವುಗಳ ಪಿತ್ತರಸದಲ್ಲಿ ಟಾರಿನ್ ಎಂಬ ವಸ್ತು ಸೇರಿದ ಆಮ್ಲ ಹೆಚ್ಚಿತು, ಅದನ್ನು ಆಧರಿಸಿ ಬೈಲೋಫೈಲಾ ವಾಡ್ಸ್‌ವರ್ತಿಯಾ ಎಂಬ ಬ್ಯಾಕ್ಟೀರಿಯಾ ಹುಲುಸಾಯಿತು, ಕರುಳಿನ ಉರಿಯೂತ ಹೆಚ್ಚಾಯಿತು. ಈ ಸರಣಿಯಲ್ಲಿ ನಿಮ್ಮ ವಾಕ್ಯ ಉಳಿಸಿಕೊಂಡದ್ದು ಮೊದಲ ಕೊಂಡಿ ಮತ್ತು ಕೊನೆಯ ಕೊಂಡಿಯನ್ನು ಮಾತ್ರ. ಇಲಿಯೂ ಹೋಯಿತು, ಅದರ ವಂಶವಾಹಿಯ ಕೊರತೆಯೂ ಹೋಯಿತು, ಬ್ಯಾಕ್ಟೀರಿಯಾ ಕೂಡ ಹೋಯಿತು. ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಊಟಕ್ಕೆ ಕುಳಿತ ಓದುಗ ಆ ಇಲಿಯ ಕರುಳನ್ನು ತನ್ನದೆಂದು ತಿಳಿಯುತ್ತಾನೆ. “ಹೀಗೆ ಮಾರ್ಪಡಿಸಿದ ಇಲಿಗಳಲ್ಲಿ” ಎಂಬ ಮೂರೇ ಪದಗಳನ್ನು ಸೇರಿಸಿದ್ದರೆ ವಾಕ್ಯ ನಿಜವಾಗುತ್ತಿತ್ತು.

ಉಳಿದ ಪುಟಗಳಿಗೆ ನಾನು ಕೈಹಚ್ಚಿಲ್ಲ. ಈ ಎರಡನ್ನು ಬಿಚ್ಚಿ ಮತ್ತೆ ಬರೆಯಿರಿ. ತಾಯಿಯ ಹಾಲಿನ ಭಾಗವನ್ನು ಒಂದು ಪೂರ್ಣ ಪುಟಕ್ಕೆ ಬೆಳೆಸಿರಿ, ಬೇಕಾದರೆ ಪೀಠಿಕೆಯ ಮೂರು ಪ್ಯಾರಾಗಳನ್ನು ತೆಗೆಯಿರಿ. ಯಾರದೆಂದು ಹೇಳದ ‘ಹಾಲು’ ನಿಮ್ಮ ಹಸ್ತಪ್ರತಿಯಲ್ಲಿ ಇಪ್ಪತ್ತಮೂರು ಕಡೆ ಇದೆ. ಎಲ್ಲಕ್ಕೂ ಪೆನ್ಸಿಲಿನಿಂದ ಗುರುತು ಹಾಕಿ ಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ.