ಬೆಂಗಳೂರಿನವನು, ಈಜು ಬರುತ್ತದೆ. ಹಾಯಿದೋಣಿ ಕಲಿತು ಗೋವಾದಿಂದ ಕೊಚ್ಚಿಗೆ ಹೋಗಬೇಕು. ಯಾವ ದೋಣಿ ಕೊಳ್ಳಲಿ, ಏನು ಕಲಿಯಲಿ?

ದೋಣಿ ಇನ್ನೂ ಕೊಂಡಿಲ್ಲ ತಾನೆ? ಹಾಗಾದರೆ ಒಂದು ವರ್ಷ ಕೊಳ್ಳಲೇಬೇಡಿ.

ಮೊದಲು ಡಿಂಗಿಯಲ್ಲಿ, ಅಂದರೆ ಒಬ್ಬಿಬ್ಬರು ಕೂರುವ ಪುಟ್ಟ ಹಾಯಿದೋಣಿಯಲ್ಲಿ ಕಲಿಯಿರಿ. ಕೆಆರ್‌ಎಸ್ ಹಿನ್ನೀರು ನಿಮಗೆ ಹತ್ತಿರ. ಡಿಂಗಿ ಮಗುಚುತ್ತದೆ, ನೀವು ಬೀಳುತ್ತೀರಿ, ಎತ್ತಿ ನಿಲ್ಲಿಸಿ ಮತ್ತೆ ಹತ್ತುತ್ತೀರಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಕುತ್ತಿಗೆಯ ಹಿಂಭಾಗಕ್ಕೇ ಗೊತ್ತಾಗಬೇಕು, ಅಲ್ಲಿಯವರೆಗೆ ಅದೇ ಕೆಲಸ. ಆಮೇಲೆ ಗೋವಾದಲ್ಲೋ ಮುಂಬೈಯಲ್ಲೋ ಬೇರೆಯವರ ದೊಡ್ಡ ದೋಣಿಗೆ ಕೆಲಸದಾಳಾಗಿ ಹೋಗಿ. ಅಡುಗೆ ಮಾಡಲು ಬಂದರೆ ಯಾರೂ ಬೇಡ ಅನ್ನುವುದಿಲ್ಲ!

ಈಗ ಯಾರೂ ಸರಿಯಾಗಿ ಕಲಿಸದ ವಿಷಯ: ಲಂಗರು. ಗೋವಾದಿಂದ ಕೊಚ್ಚಿ ನೇರ ಹೋದರೆ ಸುಮಾರು 360 ನಾಟಿಕಲ್ ಮೈಲಿ. ಗಂಟೆಗೆ 4 ಮೈಲಿಯಂತೆ 90 ಗಂಟೆ. ಅಷ್ಟೂ ಹೊತ್ತು ಓಡಿಸಲಾಗದು, ನಡುವೆ ಎಲ್ಲಾದರೂ ನಿಲ್ಲಬೇಕು. ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ ದೋಣಿ ಕಟ್ಟಿ ನಿಲ್ಲಿಸುವ ಮರೀನಾ ಇದೆ. ಆದರೆ ನಮ್ಮ ಕರಾವಳಿಯಲ್ಲಿ ಹೆಚ್ಚಿನ ಕಡೆ ಲಂಗರೇ ಗತಿ.

ನನ್ನ ಮೊದಲ ಪ್ರಯಾಣದಲ್ಲಿ ಕಾರವಾರದ ಕೂರ್ಮಗಡದ ಮರೆಯಲ್ಲಿ ನಿಂತೆವು. ಸಂಜೆ ವಾಯವ್ಯದ ಗಾಳಿ, ದ್ವೀಪ ಅಡ್ಡ ಇದ್ದುದರಿಂದ ನೀರು ತಟ್ಟೆಯಂತಿತ್ತು. ಆಳ 4 ಮೀಟರ್. 20 ಮೀಟರ್ ಸರಪಳಿ ಬಿಟ್ಟು, ಮೀನುಸಾರು ಉಂಡು ಮಲಗಿದೆ. ರಾತ್ರಿ ಎರಡಕ್ಕೆ ತಳದಿಂದ ಗರಗರ ಸದ್ದು. ಕಲ್ಲಿನ ಮೇಲೆ ಸರಪಳಿ ಎಳೆಯುವ ಸದ್ದದು. ಹೊರಗೆ ಬಂದರೆ ನೆಲಗಾಳಿ ಎದ್ದಿದೆ, ಪೂರ್ವದಿಂದ. ದೋಣಿ ತಿರುಗಿ ಲಂಗರನ್ನು ಉಲ್ಟಾ ಎಳೆದು ಕಿತ್ತಿತ್ತು. ಸಂಜೆ ಮರೆ ಕೊಟ್ಟಿದ್ದ ಅದೇ ದ್ವೀಪದ ಬಂಡೆಗಳು ಈಗ ನಮ್ಮ ಬೆನ್ನಿಗೆ. ಎಂಜಿನ್ ಮೊದಲ ಸಲಕ್ಕೆ ಚಾಲೂ ಆಯಿತು, ಪುಣ್ಯ.

ತಪ್ಪು ನನ್ನದೇ. ಲೆಕ್ಕ ಹೀಗೆ ಹಾಕಬೇಕಿತ್ತು: ಆಳ 4, ಉಬ್ಬರಕ್ಕೆ ಏರುವ ನೀರು 2, ನೀರಿನಿಂದ ದೋಣಿಯ ಮೂತಿಯ ಎತ್ತರ 1. ಒಟ್ಟು 7. ಅದರ ಐದು ಪಟ್ಟು, 35 ಮೀಟರ್ ಸರಪಳಿ. ಹಗ್ಗವಾದರೆ ಏಳು ಪಟ್ಟು. ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಓಡಿಸಿ, ಲಂಗರು ಕಚ್ಚಿದೆಯಾ ನೋಡಿ. ರಾತ್ರಿ ಗಾಳಿ ತಿರುಗಿದರೆ ಬೆನ್ನಿಗೆ ಏನಿರುತ್ತದೆ ಅಂತ ಹಗಲಲ್ಲೇ ಯೋಚಿಸಿ.

ಸಮಯ? ನವೆಂಬರ್‌ನಿಂದ ಮಾರ್ಚ್. ಮಳೆಗಾಲದ ಮಾತೇ ಬೇಡ, ಜೂನ್-ಜುಲೈ ನಮ್ಮ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನದ ಗಾಳಿ ಬೆನ್ನಿಗೆ ಬರುವುದರಿಂದ ದಕ್ಷಿಣಕ್ಕೆ ಹೋಗುವುದು ಸುಲಭ. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ! ರಜೆ ಹಾಕುವಾಗ ಬರುವ ದಾರಿಗೆ ಜಾಸ್ತಿ ದಿನ ಇಡಿ.

ರಾತ್ರಿ ಓಡಿಸುವಾಗ ಬಲೆಗಳದೇ ಕಾಟ. ದೀಪವಿಲ್ಲದ ಬಲೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಚಾಕು ಹಿಡಿದು ಇಳಿಯಬೇಕು. ಆದ್ದರಿಂದ ಮೂರು ಮೂರು ಗಂಟೆ ಪಾಳಿ ಹಾಕಿ, ಒಬ್ಬರಾದರೂ ಎಚ್ಚರ ಇರಿ. ದೋಣಿಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೋ, ಆಪತ್ತಿನ ಕರೆಯ 16ನೇ ಚಾನೆಲ್‌ನಲ್ಲಿರಲಿ. ಕೋಸ್ಟ್ ಗಾರ್ಡ್ ಸಂಖ್ಯೆ 1554.

ಗಂಗೊಳ್ಳಿಯಂಥ ಅಳಿವೆಗೆ, ಅಂದರೆ ನದಿ ಕಡಲು ಸೇರುವ ಬಾಯಿಗೆ, ನುಗ್ಗುವ ಮೊದಲು ಅಲ್ಲಿನ ಮೀನುಗಾರರನ್ನು ದಾರಿ ಕೇಳಿ. ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ನಕ್ಷೆ ಬದಲಾಗಿರುವುದಿಲ್ಲ. ನಾನು ಕೇಳಿದಾಗ ಒಬ್ಬರು ಬಾಯಲ್ಲಿ ಹೇಳಲೇ ಇಲ್ಲ, ತಮ್ಮ ದೋಣಿ ಸ್ಟಾರ್ಟ್ ಮಾಡಿ ಮುಂದೆ ಹೊರಟರು. ನಾವು ಹಿಂದೆ ಹೋದೆವು.