ಹೋಗುವಾಗ ಬೇಗ, ಬರುವಾಗ ತಡ

ಪ್ರಶ್ನೆ: ದೆಹಲಿಯಿಂದ ಟೋಕಿಯೊಗೆ ವಿಮಾನದಲ್ಲಿ ಎಷ್ಟು ದೂರ? ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದೇಕೆ?

ಉತ್ತರ: ನೇರ ದೂರ ಸುಮಾರು 5,850 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಹಿಡಿದು ಭಾಗಿಸಿದರೆ ಆರೂವರೆ ಗಂಟೆ. ಆದರೆ ವಿಮಾನ ಹಿಮಾಲಯವನ್ನು ಬಳಸಿಕೊಂಡು ಹೋಗುತ್ತದೆ, ರನ್‌ವೇವರೆಗಿನ ಓಡಾಟವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಏಳೂವರೆಯಿಂದ ಎಂಟು ಗಂಟೆ.

ಹಿಂದಿರುಗುವಾಗ ಜೆಟ್ ಸ್ಟ್ರೀಮ್ ಎದುರಾಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಗಾಳಿ ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ 300 ಕಿ.ಮೀ. ದಾಟುವುದುಂಟು. ಆಗ ಒಂಬತ್ತು ಗಂಟೆ ಮೀರುವುದು ಮಾಮೂಲು.

ಟಿಕೆಟ್ಟಿನ ಹೊತ್ತನ್ನು ಸುಮ್ಮನೆ ಕಳೆದು ನೋಡಬೇಡಿ, ಹೆಚ್ಚಿನವರು ಎಡವುವುದು ಅಲ್ಲೇ. ಟೋಕಿಯೊ ಮೂರೂವರೆ ಗಂಟೆ ಮುಂದೆ. ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 7.15ಕ್ಕೆ ಇಳಿದರೆ ಪ್ರಯಾಣ 11.15 ಗಂಟೆಯಲ್ಲ, ಏಳೂ ಮುಕ್ಕಾಲು.