ಮಡಿಕೇರಿಯವರಿಗೆ ಸೈನಿಕರ ಜೊತೆ ನಿಜವಾಗಿ ಒಡನಾಟ ಇದೆಯಾ, ಪ್ರತಿಮೆಗೆ ಹಾರ ಹಾಕುವಷ್ಟೇನಾ?

ಮಡಿಕೇರಿಗೆ ಪ್ರವಾಸ ಬಂದಾಗ ಸರ್ಕಲ್ಲಿಗೊಂದು ಸೈನಿಕರ ಪ್ರತಿಮೆ ನೋಡಿದೆ, ಈ ಊರಿನವರು ಸೈನಿಕರನ್ನು ನಿಜವಾಗಿ ಹಚ್ಚಿಕೊಂಡಿದ್ದಾರಾ ಅಥವಾ ಹಾರ ಹಾಕಿ ಮುಗಿಸುತ್ತಾರಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಹುಟ್ಟಿ ಬೆಳೆದವನು. ನಮ್ಮ ಮನೆಯಲ್ಲಿ ಯಾರೂ ಮಿಲಿಟರಿಗೆ ಹೋಗಿಲ್ಲ. ಅಪ್ಪ ಪುತ್ತೂರು ಕಡೆಯಿಂದ ಬಂದು ಇಲ್ಲಿ ಸಣ್ಣ ಸ್ಟೇಷನರಿ ಅಂಗಡಿ ಇಟ್ಟರು. ಈಗ ಅದೇ ಅಂಗಡಿಯಲ್ಲಿ ನಾನು ಜೆರಾಕ್ಸ್, ಆನ್‌ಲೈನ್ ಅರ್ಜಿ ಎಲ್ಲ ಮಾಡಿಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಸೈನಿಕರ ಮನೆಯವರು ಕಾಗದ ಪತ್ರ ಹಿಡಿದುಕೊಂಡು ನನ್ನ ಕೌಂಟರಿಗೆ ಬರುತ್ತಿದ್ದಾರೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಒಡನಾಟ ಇದೆ, ಜಾಸ್ತಿಯೇ ಇದೆ. ಆದರೆ ಜನರಲ್‌ಗಳ ಹೆಸರು ಹೇಳುವಾಗ ಊರಿಗೆ ಬರುವ ಹುಮ್ಮಸ್ಸು, ಪಕ್ಕದ ಮನೆಯ ನಿವೃತ್ತ ಹವಾಲ್ದಾರ್ ವಿಷಯದಲ್ಲಿ ಅಷ್ಟು ಕಾಣುವುದಿಲ್ಲ. ನನಗೆ ಬೇಜಾರು ಇರುವುದು ಅಲ್ಲಿ ಮಾತ್ರ.

ಮೊದಲು ನೀವು ನೋಡಿದ ಪ್ರತಿಮೆಗಳ ವಿಷಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ್ದು ಶನಿವಾರಸಂತೆಯಲ್ಲಿ, ಓದಿದ್ದು ಮಡಿಕೇರಿಯಲ್ಲಿ. 1949ರ ಜನವರಿ 15ರಂದು ಬ್ರಿಟಿಷ್ ಅಧಿಕಾರಿಯ ಕೈಯಿಂದ ಸೇನೆಯ ಹೊಣೆ ತೆಗೆದುಕೊಂಡ ಮೊದಲ ಭಾರತೀಯ. ಅದಕ್ಕೇ ಆ ದಿನವನ್ನು ದೇಶವೆಲ್ಲ ಸೇನಾ ದಿನ ಅಂತ ಆಚರಿಸುತ್ತದೆ. ನಿವೃತ್ತರಾದ ಮೇಲೆ ಇಲ್ಲೇ ರೋಷನಾರ ಅನ್ನುವ ಮನೆಯಲ್ಲಿದ್ದರು. 1965ರ ಯುದ್ಧದಲ್ಲಿ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಆಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್, ಹಿಂದೆ ಇವರ ಕೈಕೆಳಗೆ ಕೆಲಸ ಮಾಡಿದ ಸಲುಗೆಯಿಂದ, ಬಿಟ್ಟು ಕಳಿಸುತ್ತೇನೆ ಅಂದರಂತೆ. ಉಳಿದ ಸೆರೆಯಾಳುಗಳಿಗೆ ಇಲ್ಲದ ರಿಯಾಯಿತಿ ನನ್ನ ಮಗನಿಗೂ ಬೇಡ ಅಂತ ಕಾರ್ಯಪ್ಪ ಹೇಳಿದರು. ಈ ಕಥೆ ಗೊತ್ತಿಲ್ಲದ ಮಗು ಮಡಿಕೇರಿಯ ಶಾಲೆಗಳಲ್ಲಿ ಸಿಗುವುದು ಕಷ್ಟ.

ಇನ್ನೊಬ್ಬರು ಜನರಲ್ ತಿಮ್ಮಯ್ಯ. ಹುಟ್ಟಿದ್ದೇ ಮಡಿಕೇರಿಯಲ್ಲಿ, 1906ರಲ್ಲಿ. 1948ರ ಚಳಿಯಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು, ಮುಂದೆ ಸೇನಾ ಮುಖ್ಯಸ್ಥರಾದರು, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿರುವಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಬೆಳೆದ ಮನೆ ಸನ್ನಿ ಸೈಡ್. 2021ರ ಫೆಬ್ರವರಿಯಲ್ಲಿ ಅದು ಮ್ಯೂಸಿಯಂ ಆಯಿತು, ರಾಷ್ಟ್ರಪತಿ ಕೋವಿಂದ್ ಬಂದು ಉದ್ಘಾಟನೆ ಮಾಡಿದರು. ಅದಕ್ಕೂ ಮೊದಲು ವರ್ಷಗಟ್ಟಲೆ ಆ ಮನೆಯಲ್ಲಿ ಆರ್‌ಟಿಒ ಕಚೇರಿ ಇತ್ತು. ನಾನು ಡ್ರೈವಿಂಗ್ ಲೈಸೆನ್ಸಿಗೆ ಸಾಲಿನಲ್ಲಿ ನಿಂತದ್ದು ಅದೇ ಜಗಲಿಯಲ್ಲಿ. ಯಾರ ಮನೆ ಅಂತ ನನಗೆ ಗೊತ್ತಿತ್ತು. ಆದರೂ ಅಲ್ಲಿ ಫಾರ್ಮ್ ತುಂಬುವುದು ತಪ್ಪು ಅಂತ ಒಂದು ದಿನವೂ ಅನಿಸಿರಲಿಲ್ಲ. ಮ್ಯೂಸಿಯಂ ಮಾಡಿ ಅಂತ ಮಾಜಿ ಸೈನಿಕರು ಪಟ್ಟು ಹಿಡಿದು ಓಡಾಡಿದ್ದಕ್ಕೆ ಆ ಮನೆ ಇವತ್ತು ಹೀಗೆ ನಿಂತಿದೆ. ಮುಂದಿನ ಸಲ ಬಂದರೆ ರಾಜಾಸೀಟಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ.

ಮೂರನೆಯವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ ಹೋಗಿ ವಾಪಸ್ ಬರಲಿಲ್ಲ. ಅವರು ತಮ್ಮ ಹಳೇ ಮಿಸ್ಟೇರ್ ವಿಮಾನದಿಂದ ಶತ್ರುವಿನ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಹೊಡೆದುರುಳಿಸಿದ್ದರು ಅನ್ನುವುದು ನಮ್ಮವರಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅದೂ ಆ ಕಡೆಯವರ ವಿವರಗಳಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಲೆಕ್ಕ ಹಾಕಿ, 23 ವರ್ಷ. ಅವರ ಹೆಂಡತಿ ಅಷ್ಟು ವರ್ಷ ಕಾದರು. ಪ್ರತಿಮೆಯ ಮುಂದೆ ನಿಂತಾಗ ನನಗೆ ಮೊದಲು ನೆನಪಾಗುವುದು ಆ ಕಾಯುವಿಕೆ.

ಕೊಡಗಿನಿಂದ ಯಾಕೆ ಇಷ್ಟು ಜನ ಹೋಗುತ್ತಾರೆ ಅಂತ ಪ್ರವಾಸಿಗರು ಕೇಳುತ್ತಲೇ ಇರುತ್ತಾರೆ. 'ರಕ್ತದಲ್ಲೇ ಇದೆ' ಅನ್ನುವುದು ಸುಲಭದ ಉತ್ತರ. ಅದಕ್ಕಿಂತ ಜಮ್ಮಾ ಜಮೀನಿನ ಪದ್ಧತಿ ನೋಡಬೇಕು. ರಾಜರ ಕಾಲದಲ್ಲಿ, ಕರೆದಾಗ ಕೋವಿ ಹಿಡಿದು ಬರಬೇಕು ಅನ್ನುವ ಷರತ್ತಿನ ಮೇಲೆ ಕುಟುಂಬಕ್ಕೆ ಕೊಟ್ಟ ಭೂಮಿ ಅದು. ಆ ಜಮ್ಮಾ ಹಿಡುವಳಿದಾರರಿಗೆ ಮತ್ತು ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ, ಅಂದರೆ ಕೊಡವರ ಆಯುಧಪೂಜೆಗೆ, ಯಾರಾದರೂ ಸ್ನೇಹಿತರ ಮನೆಗೆ ಹೋಗಿ ನೋಡಿ. ದೇವರ ಮುಂದೆ ಇಟ್ಟ ಕೋವಿಯ ನಳಿಗೆಯ ತುದಿಯಲ್ಲಿ ತೋಕ್‌ಪೂ ಅನ್ನುವ ಕೆಂಪು ಹಳದಿ ಹೂ ಸಿಕ್ಕಿಸಿರುತ್ತಾರೆ. ಪೂಜೆ ಮುಗಿಯುವವರೆಗೆ ಕೋವಿಯನ್ನು ಮುಟ್ಟುವ ಹಾಗಿಲ್ಲ. ಅಂಥ ಮನೆಯ ಹುಡುಗನಿಗೆ ಸೇನೆ ಅಂದರೆ ದೂರದ ಮಾತು ಅನ್ನಿಸುವುದಿಲ್ಲ, ಅಲ್ವಾ?

ಇನ್ನೊಂದು ಕಾರಣ ಸಂಬಳ. ಎರಡು ಮೂರು ಎಕರೆ ಕಾಫಿ ಇರುವ ಮನೆಗೆ ಬೆಲೆ ಬಿದ್ದ ವರ್ಷ ದಿಕ್ಕು ತೋಚುವುದಿಲ್ಲ. ಆಗ ತಿಂಗಳು ತಿಂಗಳು ಬರುವ ಮಗನ ಮನಿ ಆರ್ಡರ್ ಮನೆ ನಡೆಸಿದೆ. ಇದನ್ನು ಹೇಳಿದರೆ ದೇಶಪ್ರೇಮ ಸಣ್ಣದಾಗುತ್ತದೆ ಅಂತ ಕೆಲವರು ಮುಖ ಗಂಟಿಕ್ಕುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮನೆ ನಡೆಸಲು ಹೋದವನೇ ಗಡಿಯನ್ನೂ ಕಾದ.

ಸೈನಿಕರು ಅಂದರೆ ಕೊಡವರು ಮಾತ್ರ ಅಂತ ದಯವಿಟ್ಟು ತಿಳಿದುಕೊಳ್ಳಬೇಡಿ. ಅರೆಭಾಷೆ ಗೌಡರ ಮನೆಗಳಿಂದ ತುಂಬಾ ಜನ ಹೋಗಿದ್ದಾರೆ, ಬೇರೆ ಜಾತಿಯವರು, ಮುಸ್ಲಿಮರು, ಕ್ರೈಸ್ತರು ಎಲ್ಲ ಇದ್ದಾರೆ. ಬ್ರಿಟಿಷರ ವಿರುದ್ಧ ಎದ್ದು 1837ರಲ್ಲಿ ಇದೇ ಮಡಿಕೇರಿಯಲ್ಲಿ ಗಲ್ಲಿಗೇರಿದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆಯೂ ಊರಲ್ಲಿದೆ, ಅದನ್ನೂ ನೋಡಿ.

ಊರು ಮತ್ತು ಸೈನಿಕರು ಒಟ್ಟಿಗೆ ನಿಂತದ್ದನ್ನು ನಾನು ಕಣ್ಣಾರೆ ಕಂಡದ್ದು ಎರಡು ಸಲ. ಒಂದು, 2018ರ ಆಗಸ್ಟ್. ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಜರಿದು ರಸ್ತೆಗಳೇ ಇಲ್ಲವಾದವು. ರಕ್ಷಣೆಗೆ ಸೇನೆಯವರು ಬಂದರು. ಅವರಿಗೆ ಇಲ್ಲಿನ ಕಾಡುದಾರಿ ಗೊತ್ತಿರಲಿಲ್ಲ. ನಮ್ಮ ಬೀದಿಯ ನಿವೃತ್ತ ಹವಾಲ್ದಾರ್ ಒಬ್ಬರು ಹಳೇ ಜಂಗಲ್ ಬೂಟು ಹುಡುಕಿ ಹಾಕಿಕೊಂಡು, ಹಗ್ಗ ಹೆಗಲಿಗೇರಿಸಿ, ಅವರ ಮುಂದೆ ಮುಂದೆ ನಡೆದರು. ಅರವತ್ತು ದಾಟಿದ ಮನುಷ್ಯ. ಮೂರು ದಿನ ಆದ ಮೇಲೆ ಮನೆಗೆ ಬಂದಾಗ ಬೂಟು ಬಿಚ್ಚಲು ಆಗದೆ ಕತ್ತರಿಸಿ ತೆಗೆದರು. ಅವರ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ.

ಇನ್ನೊಂದು, 2023ರ ಆಗಸ್ಟ್. ಬೆಳಗಿನ ಜಾವ ಬಸ್ಸೊಂದು ಗುದ್ದಿ ತಿಮ್ಮಯ್ಯನವರ ಪ್ರತಿಮೆ ಉರುಳಿತು. ನಾನು ಸುದ್ದಿ ಕೇಳಿ ಓಡಿದೆ. ಅಷ್ಟೊತ್ತಿಗೆ ಮೂವರು ಮಾಜಿ ಸೈನಿಕರು ಮಳೆಯಲ್ಲಿ ಕೊಡೆ ಹಿಡಿದು, ಬಿದ್ದ ಪ್ರತಿಮೆಗೆ ಬೆನ್ನು ಹಾಕಿ ನಿಂತಿದ್ದರು. ಯಾರಾದರೂ ಮೊಬೈಲ್ ಎತ್ತಿದರೆ "ಬೇಡಪ್ಪ, ಹೀಗೆ ಇರುವಾಗ ಫೋಟೋ ಬೇಡ" ಅನ್ನುತ್ತಿದ್ದರು. ತರಕಾರಿ ಗಾಡಿಯವರು, ಆಟೋದವರು, ಶಾಲೆಗೆ ಹೊರಟ ಮಕ್ಕಳು ಎಲ್ಲ ಸುಮ್ನೆ ನಿಂತುಬಿಟ್ಟಿದ್ದರು. 2024ರ ಕೊನೆಗೆ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಬಗ್ಗೆ ಜಾಲತಾಣದಲ್ಲಿ ಯಾರೋ ಕೀಳಾಗಿ ಬರೆದಾಗ ಪ್ರತಿಭಟನೆ, ಬಂದ್ ಎಲ್ಲ ಆಯಿತು. ಆ ಸಿಟ್ಟು ನ್ಯಾಯವಾದದ್ದೇ. ನಾನೂ ಅಂಗಡಿ ಮುಚ್ಚಿದ್ದೆ.

ಆದರೆ ಅದೇ ನವೆಂಬರ್, ಡಿಸೆಂಬರ್‌ನಲ್ಲಿ ನನ್ನ ಅಂಗಡಿಯಲ್ಲಿ ನಡೆಯುವುದನ್ನು ನೀವು ನೋಡಬೇಕು.

ನವೆಂಬರ್ ಅಂದರೆ ಪಿಂಚಣಿದಾರರ ಜೀವನ ಪ್ರಮಾಣ ಪತ್ರದ ತಿಂಗಳು. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ನಿವೃತ್ತ ಸೈನಿಕರು ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಬುಕ್ಕು, ಪಿಪಿಒ ಅನ್ನುವ ಪಿಂಚಣಿ ಆದೇಶ ಪತ್ರ ಎಲ್ಲ ಮಡಚದೆ ನೀಟಾಗಿ ತರುತ್ತಾರೆ. ಅವರ ಕೆಲಸ ಐದು ನಿಮಿಷದ್ದು. ಕಷ್ಟ ಇರುವುದು ಗಂಡ ತೀರಿಕೊಂಡ ಹೆಂಗಸರದ್ದು. ಕೊಯ್ಲಿನ ಕಾಲ ಬೇರೆ. ವರ್ಷವರ್ಷ ಕಾಫಿ ಹಣ್ಣು, ಕರಿಮೆಣಸು ಬಿಡಿಸಿ ಬಿಡಿಸಿ ಅವರ ಬೆರಳಿನ ಗೆರೆಯೇ ಸವೆದುಹೋಗಿರುತ್ತದೆ. ಯಂತ್ರದ ಮೇಲೆ ಬೆರಳು ಇಟ್ಟರೆ ಹತ್ತು ಸಲವೂ ಕೆಂಪು ದೀಪ.

ಒಬ್ಬ ಅಜ್ಜಿ ಇದ್ದಾರೆ. ಗಂಡ ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿ ನಿವೃತ್ತರಾದವರು. ಅವರು ಹೋದ ಮೇಲೆ ಫ್ಯಾಮಿಲಿ ಪಿಂಚಣಿಗೆ ಅಂತ ಬಂದರು. ಪಿಪಿಒದಲ್ಲಿ ಇದ್ದದ್ದು ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಇದ್ದದ್ದು ಶಾಲೆಯ ಹೆಸರು. ಮದುವೆ ಆದಾಗ ಯೂನಿಟ್ಟಿನ ಗುಮಾಸ್ತ ಏನು ಬರೆದುಕೊಂಡನೋ ಅದೇ ನಿಂತಿತ್ತು. ಬ್ಯಾಂಕಿನವರು ಮೂರು ಸಲ ವಾಪಸ್ ಕಳಿಸಿದರು. ಮೂರನೇ ಸಲ ಅಜ್ಜಿ ನನ್ನ ಅಂಗಡಿಗೆ ಬಂದು, "ಮೋನೆ, ನಾನು ಅವರ ಹೆಂಡತಿಯೇ ಅಂತ ಇನ್ನು ಯಾರ ಹತ್ತಿರ ಬರೆಸಿಕೊಂಡು ಬರಲಿ?" ಅಂದರು. ನಾನು ನೀರು ಕೊಟ್ಟೆ. ಕೊಡಲು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ದಾರಿ ಮಾಡಿಕೊಟ್ಟದ್ದು ಗುಡ್ಡ ಜರಿದಾಗ ಹಗ್ಗ ಹೊತ್ತ ಅದೇ ಹವಾಲ್ದಾರ್. ಅಫಿಡವಿಟ್ ಮಾಡಿಸಿ, ಗಂಡನ ದಳದ ರೆಕಾರ್ಡ್ ಆಫೀಸಿಗೆ ಪತ್ರ ಬರೆದು, ಉತ್ತರ ಬರದಾಗ ಮತ್ತೆ ಬರೆದು, ಕೊನೆಗೆ ಹೆಸರು ಸರಿಪಡಿಸಿದ ಕಾಗದ ತರಿಸಿದರು. ಹನ್ನೊಂದು ತಿಂಗಳು ಹಿಡಿಯಿತು. ಅಷ್ಟು ತಿಂಗಳು ಅಜ್ಜಿಗೆ ಅಕ್ಕಿ ಸಾಮಾನು ಸಾಲ ಕೊಟ್ಟದ್ದು ಅವರ ಊರಿನ ದಿನಸಿ ಅಂಗಡಿಯವರು. ಅವರ ಮನೆಯಿಂದಲೂ ಯಾರೂ ಮಿಲಿಟರಿಗೆ ಹೋದವರಿಲ್ಲ. ಒಡನಾಟ ಇದೆಯಾ ಅಂತ ಕೇಳಿದಿರಲ್ಲ, ಈ ಸಾಲದ ಪುಸ್ತಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಮುಖ ತೋರಿಸಿ ಪ್ರಮಾಣ ಪತ್ರ ಮಾಡುವ ವ್ಯವಸ್ಥೆ ಬಂದಿದೆ. ಬೆರಳಿನ ಕಾಟ ತಪ್ಪಿತು. ಮಂಜು ಮುಸುಕಿದ ದಿನ ಅಂಗಡಿಯೊಳಗೆ ಬೆಳಕು ಸಾಲುವುದಿಲ್ಲ ಅಂತ ಬಾಗಿಲ ಹತ್ತಿರ ಒಂದು ಸ್ಟೂಲ್ ಇಟ್ಟಿದ್ದೇನೆ. ಅಲ್ಲಿ ಕೂರಿಸಿ, ತಲೆಯ ಮೇಲಿನ ವಸ್ತ್ರ ಸ್ವಲ್ಪ ಹಿಂದೆ ಸರಿಸಿ, "ಅಜ್ಜಿ, ಒಮ್ಮೆ ಕಣ್ಣು ಮಿಟುಕಿಸಿ" ಅನ್ನುತ್ತೇನೆ. ಮಿಟುಕಿಸುತ್ತಾರೆ. ಇನ್ನೊಂದು ವರ್ಷಕ್ಕೆ ಆಯಿತು.

ಊರಲ್ಲಿ ಗೊಣಗುವವರು ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಿಲಿಟರಿ ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಸಾಮಾನು ಸಿಗುತ್ತದೆ, ಕೋಟಾದಲ್ಲಿ ರಮ್ ಸಿಗುತ್ತದೆ, ಪಿಂಚಣಿಯೂ ಬರುತ್ತದೆ, ಇವರಿಗೇನು ಕಮ್ಮಿ ಅಂತ ಮಾತಾಡುವವರು ಇದ್ದಾರೆ. ಅಂಥವರಿಗೆ ನಾನು ಹೇಳುವುದಿಷ್ಟು: ಆ ಕ್ಯಾಂಟೀನಿನ ಸಾಲಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಮೂವತ್ತೈದು, ನಲವತ್ತಕ್ಕೇ ನಿವೃತ್ತಿ ಆಗಿ ಬಂದು, ಮಕ್ಕಳ ಫೀಸಿಗೆ ಎರಡನೇ ಕೆಲಸ ಹುಡುಕುತ್ತಿರುವವರು ಅಲ್ಲಿದ್ದಾರೆ. ಸಿಯಾಚಿನ್ ನೋಡಿ ಬಂದವರು ಎಟಿಎಂ ಮುಂದೆ ಸೆಕ್ಯುರಿಟಿ ಕೆಲಸಕ್ಕೆ ಕೂತಿದ್ದಾರೆ. ಜಮೀನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುತ್ತಿರುವವರ ಅರ್ಜಿಯ ಜೆರಾಕ್ಸ್ ನಾನೇ ಎಷ್ಟೋ ತೆಗೆದಿದ್ದೇನೆ.

ಈಗಿನ ಹುಡುಗರ ಲೆಕ್ಕ ಬೇರೆ. 2022ರಲ್ಲಿ ಸೇನಾ ಭರ್ತಿಗೆ ಅಗ್ನಿಪಥ ಯೋಜನೆ ಬಂದ ಮೇಲೆ ಸಿಪಾಯಿಯಾಗಿ ಸೇರುವವರಿಗೆ ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಜನರಿಗೆ ಮಾತ್ರ ಮುಂದುವರಿಕೆ. ಮನೆಗಳಲ್ಲಿ ಇದರ ಬಗ್ಗೆ ಜೋರು ಚರ್ಚೆ ಆಗುತ್ತದೆ. ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಸೈನಿಕ ಶಾಲೆ 2007ರಿಂದ ಇದೆ, ಅಲ್ಲಿ ಓದಿದ ಮಕ್ಕಳು ಆಫೀಸರ್ ಆಗುವ ಕನಸು ಕಾಣುತ್ತಾರೆ. ಉಳಿದವರು ಅಗ್ನಿವೀರ್ ಅರ್ಜಿ ತುಂಬಲು ನನ್ನ ಅಂಗಡಿಗೆ ಬರುತ್ತಾರೆ. ಮೊದಲಿನಷ್ಟಿಲ್ಲ, ಆದರೂ ಬರುತ್ತಾರೆ.

ಹೋದ ಸಲ ಒಬ್ಬ ಹುಡುಗ ಬಂದಾಗ ಹವಾಲ್ದಾರ್ ಅಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಹುಡುಗ ಓಟದ ಟೈಮಿಂಗ್, ಎದೆ ಅಳತೆ ಅಂತೆಲ್ಲ ಅವರನ್ನು ಕೇಳಿದ. ಅವರು ಅದಕ್ಕೆಲ್ಲ ಆಮೇಲೆ ಉತ್ತರ ಕೊಟ್ಟರು. ಮೊದಲು ಕನ್ನಡಕ ಹಾಕಿಕೊಂಡು ನನ್ನ ಕಂಪ್ಯೂಟರ್ ಪರದೆಗೆ ಬಗ್ಗಿ, ಅವನ ಅಮ್ಮನ ಹೆಸರಿನ ಮೇಲೆ ಬೆರಳಿಟ್ಟರು.

"ಇದು ಆಧಾರ್‌ನಲ್ಲಿ ಹೀಗೇ ಇದೆಯಾ? ಒಂದೊಂದೇ ಅಕ್ಷರ ನೋಡಿ ಹೇಳು."